ಮೊದಲ ಗುಂಡಿನ ತಪ್ಪು

ಅವರ ಎಡಗಿವಿಯ ಹಾಲೆಯ ಮೇಲೆ ಯಾವಾಗಲೂ ಒಂದು ಬಿಳಿ ಗ್ರೀಸಿನ ಕಲೆ ಇರುತ್ತಿತ್ತು. ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಬೇರೆಯವರು ಸಾಬೂನು ನೀರು ಹಚ್ಚಿದರೆ, ಇವರು ವಾಲ್ವನ್ನೇ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ಕೇಳುತ್ತಿದ್ದರು. ಆಗ ಶೆಡ್ಡಿನಲ್ಲಿ ಯಾರಾದರೂ ಕೆಮ್ಮಿದರೆ ಮುಗಿಯಿತು, ಬೈಗುಳ ಶುರು. ನನಗೆ ಅವರಿಂದ ಸಿಕ್ಕಿದ ಮೊದಲ ಬೈಗುಳ ಮಾತ್ರ ಕೆಮ್ಮಿದ್ದಕ್ಕಲ್ಲ, ಬಾಯಿ ಬಿಟ್ಟದ್ದಕ್ಕೆ.

ಅವರು ಕಾರ್ಕಳದಲ್ಲಿ ತಮ್ಮ ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ಕಂಪ್ರೆಸರ್, ಪೈಂಟ್ ಹೊಡೆಯುವ ಗನ್ನು, ತೋಟಕ್ಕೆ ಮದ್ದು ಬಿಡುವ ಪಂಪು ಇಂಥವನ್ನೆಲ್ಲ ರಿಪೇರಿ ಮಾಡುತ್ತಿದ್ದರು. ಅದಕ್ಕೂ ಮೊದಲು ಗಲ್ಫಿನಲ್ಲಿ ಬಹಳ ವರ್ಷ, ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರ ಉಸಿರಾಟದ ಸಿಲಿಂಡರುಗಳನ್ನು ನೋಡಿಕೊಂಡಿದ್ದವರು. ಏರ್ ರೈಫಲ್ ಬಿಚ್ಚಿ ಮತ್ತೆ ಜೋಡಿಸಬಲ್ಲವರು ನಮ್ಮ ಕಡೆ ಬೇರೆ ಯಾರೂ ಇರಲಿಲ್ಲ. ಬೇರೆ ಯಾರಾದರೂ ಇದ್ದಿದ್ದರೆ ನಾನು ಎರಡನೇ ಸಲ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಾನು ಆಗ ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ. ಸಂಜೆ ಅಲ್ಲೇ ಹತ್ತಿರದ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ. ಹತ್ತು ಮೀಟರ್ ದೂರದ ಗುರಿ, ಹತ್ತತ್ತು ಗುಂಡುಗಳ ಆರು ಸರಣಿ, ಒಟ್ಟು ಅರವತ್ತು ಗುಂಡು. ನನ್ನ ತೊಂದರೆ ವಿಚಿತ್ರವಾಗಿತ್ತು. ಸರಣಿಗಳ ನಡುವೆ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ರೈಫಲ್ ಎತ್ತಿದರೆ, ಮೊದಲ ಗುಂಡು ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಎರಡನೆಯದರಿಂದ ಎಲ್ಲ ಸರಿ.

"ಅದು ನಿಮ್ಮ ತಲೆಯಲ್ಲಿ ಇರುವುದು," ಎಂದು ಕೋಚ್ ತೀರ್ಪು ಕೊಟ್ಟರು. "ಮೊದಲ ಗುಂಡಿಗೆ ನೀವು ಹೆದರ್ತೀರಿ."

ಪ್ರಾಣಾಯಾಮ ಮಾಡಿದೆ. ಕಾಫಿ ಬಿಟ್ಟೆ. ಹೆದರಿಕೆ ಇಲ್ಲದವಳು ಹೆದರಿಕೆಯನ್ನು ಓಡಿಸಲು ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ರಾಜ್ಯ ಕೂಟಕ್ಕೆ ಹೋಗುವ ತಂಡದ ಪಟ್ಟಿಯಿಂದ ನನ್ನ ಹೆಸರು ಹೋಯಿತು. "ಒತ್ತಡ ತಾಳುವುದಿಲ್ಲ" ಎಂದು ಕೋಚ್ ಎಲ್ಲರೆದುರು ಹೇಳಿದರು. ಅದರ ಮರುದಿನವೇ ನಾನು ರೈಫಲ್ ಹೆಗಲಿಗೇರಿಸಿ ಕಾರ್ಕಳದ ಬಸ್ಸು ಹತ್ತಿದೆ.

"ಸರ್, ಇದರ ರೆಗ್ಯುಲೇಟರ್ ಹಾಳಾಗಿದೆ," ಎಂದೆ.

ಅವರು ಕಿವಿಯಿಂದ ವಾಲ್ವು ತೆಗೆದು ನನ್ನನ್ನು ನೋಡಿದರು. "ಹೌದಾ? ಡಾಕ್ಟರ ಹತ್ತಿರ ಹೋಗಿ ರೋಗದ ಹೆಸರೂ ನೀವೇ ಹೇಳ್ತೀರಾ? ಹಾಗಾದ್ರೆ ಮದ್ದೂ ನೀವೇ ಮಾಡಿ. ನಾನೆಂತಕ್ಕೆ?"

ಪಂಪು ರಿಪೇರಿಗೆ ತಂದಿದ್ದ ಇಬ್ಬರು ನಕ್ಕರು. ಅವರೊಂದಿಗೆ ಇವರು ತುಳುವಿನಲ್ಲಿ ಮಾತಾಡುತ್ತಿದ್ದರು, ನನ್ನೊಂದಿಗೆ ಕನ್ನಡದಲ್ಲಿ. ನಾನು ತುಳುವಿನಲ್ಲಿ ಉತ್ತರಿಸಿದರೂ ಅವರು ಕನ್ನಡ ಬಿಡಲಿಲ್ಲ.

"ಘಟ್ಟದ ಮೇಲಿನವರಲ್ವಾ ನೀವು?"

ನನ್ನ ಅಪ್ಪ ಅಮ್ಮ ಗಾರೆ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದಾಗ ನನಗೆ ನಾಲ್ಕು ವರ್ಷ. "ಮೂವತ್ತು ವರ್ಷದಿಂದ ಕಾಪುವಿನಲ್ಲಿ ಇದ್ದೇನೆ," ಎಂದೆ.

"ಇರಬಹುದು. ಬಸಳೆ ಯಾರ ಚಪ್ಪರದ ಮೇಲೆ ಹಬ್ಬಿದ್ರೂ ಬೇರು ಎಲ್ಲಿ ಉಂಟೋ ಅಲ್ಲೇ ಉಂಟು."

ಅಲ್ಲಿಂದ ಎದ್ದು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಅವರು ರೈಫಲನ್ನು ಬೆಂಚಿನ ವೈಸಿಗೆ ಬಿಗಿದು, ಮುಂದೆ ಗುಂಡಿನ ವೇಗ ಅಳೆಯುವ ಯಂತ್ರವನ್ನು ಇಟ್ಟಾಗಿತ್ತು. ಒಂದು ಕಾಗದ, ಪೆನ್ಸಿಲನ್ನು ನನ್ನತ್ತ ತಳ್ಳಿದರು. "ಬರೆಯಿರಿ. ಬಾಯಿ ಬೇಡ."

ಹತ್ತು ಗುಂಡು ಹಾರಿಸಿದರು. ಹತ್ತೂ ಹೆಚ್ಚುಕಡಿಮೆ ಒಂದೇ ವೇಗ. ಆಮೇಲೆ ಕಾಲು ಗಂಟೆ ರೈಫಲನ್ನು ಮುಟ್ಟಲಿಲ್ಲ. ಬೇರೊಂದು ಪಂಪು ಬಿಚ್ಚುತ್ತ ಕೂತರು. ಮತ್ತೆ ಹಾರಿಸಿದಾಗ ಮೊದಲ ಗುಂಡಿನ ವೇಗ ಥಟ್ಟನೆ ಏರಿತು. ಎರಡನೆಯದು ಮತ್ತೆ ಹಳೆಯ ಅಂಕಿಗೆ ಇಳಿಯಿತು. ಇನ್ನೊಂದು ಕಾಲು ಗಂಟೆ, ಮತ್ತೆ ಹಾಗೆಯೇ. ಮೂರನೇ ಸಲವೂ ಹಾಗೆಯೇ. ಟ್ರಿಗರಿನ ಮೇಲೆ ನನ್ನ ಬೆರಳಿರಲಿಲ್ಲ. ವೈಸಿಗೆ ಕಟ್ಟಿದ ಕಬ್ಬಿಣಕ್ಕೆ ಹೆದರಿಕೆ ಎಲ್ಲಿಯದು?

ಸಿಲಿಂಡರಿನಲ್ಲಿ ತುಂಬಿದ ಗಾಳಿಯ ಒತ್ತಡ ಬಹಳ ಹೆಚ್ಚು. ಗುಂಡು ಹಾರಿಸುತ್ತ ಹೋದಂತೆ ಇಳಿಯುತ್ತಲೂ ಹೋಗುತ್ತದೆ. ಅದನ್ನು ತಡೆದು, ಪ್ರತಿ ಗುಂಡಿಗೂ ಒಂದೇ ಅಳತೆಯ ಒತ್ತಡ ಕೊಡುವ ಬೆರಳುದ್ದದ ಹಿತ್ತಾಳೆಯ ತುಂಡೇ ರೆಗ್ಯುಲೇಟರ್. ಅಳತೆ ತುಂಬಿದ ಕೂಡಲೇ ಅದು ಬಿಗಿಯಾಗಿ ಮುಚ್ಚಿಕೊಳ್ಳಬೇಕು.

"ಮುಚ್ಚಿದ ಹಾಗೆ ಕಾಣ್ತದೆ. ಆದರೆ ಸಂದಿಯಿಂದ ಬರ್ತಾ ಉಂಟು," ಎಂದರು. "ನೀವು ಸುಮ್ಮನೆ ಕೂತಷ್ಟು ಹೊತ್ತೂ ಒಳಗೆ ಒತ್ತಡ ಏರ್ತದೆ. ಮೊದಲ ಗುಂಡು ಅದನ್ನು ತಿಂದು ಮೇಲೆ ಹೋಗ್ತದೆ."

ಗಾಳಿಯನ್ನೆಲ್ಲ ಖಾಲಿ ಮಾಡಿ ರೆಗ್ಯುಲೇಟರ್ ಬಿಚ್ಚಿದರು. ಒಳಗೆ ಪುಟ್ಟ ತಟ್ಟೆಗಳಂತೆ ಬಾಗಿದ ಸ್ಪ್ರಿಂಗ್ ವಾಷರುಗಳು; ಅವಕ್ಕೆಲ್ಲ ಕೆಂಪು ತುಕ್ಕು. ವಾಲ್ವು ಕೂರುವ ಜಾಗದಲ್ಲಿ ಅದೇ ತುಕ್ಕಿನ ಹುಡಿ.

"ಗಾಳಿ ಹೇಗೆ ತುಂಬ್ತೀರಿ?"

"ಕೈ ಪಂಪಿನಲ್ಲಿ. ಮನೆಯ ಜಗಲಿಯಲ್ಲಿ."

"ಕಾಪುವಿನಲ್ಲಿ? ಕಡಲಿನ ಬದಿ?" ಅವರು ಮೊದಲ ಬಾರಿಗೆ ನಕ್ಕರು. ಒಳ್ಳೆಯ ನಗುವಲ್ಲ. "ಪಂಪಿಗೆ ತೇವ ಹೀರುವ ಫಿಲ್ಟರ್ ಇಲ್ಲ ಅಲ್ವಾ? ಕೋವಿಗೆ ನೀರು ಕುಡಿಸಿದ್ದೀರಿ ಮಾರಾಯ್ತಿ. ಅದೂ ಉಪ್ಪು ನೀರು."

ನನಗೆ ಅದ್ಯಾವುದೂ ನಾಟಲಿಲ್ಲ. ನನ್ನ ಕೈಯಲ್ಲಿ ಅಂಕಿಗಳ ಕಾಗದವಿತ್ತು. ಕೋಚ್ ನನ್ನನ್ನು ತಂಡದಿಂದ ತೆಗೆದ ಕಥೆ ಹೇಳಿ, ರೈಫಲಿನದ್ದೇ ದೋಷ ಎಂದು ಬರೆದು ಒಂದು ಸಹಿ ಹಾಕಿಕೊಡಿ ಎಂದು ಕೇಳಿಕೊಂಡೆ. ಬೇಡಿಕೊಂಡೆ ಎಂದರೂ ಸರಿ.

"ನಾನು ಸರ್ಟಿಫಿಕೇಟ್ ಕೊಡುವವನಲ್ಲ. ಕೋವಿ ಇಲ್ಲಿರಲಿ. ವಾರ ಬಿಟ್ಟು ಬನ್ನಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವರನ್ನು ನಾನು ಎಷ್ಟು ಶಪಿಸಿದೆನೆಂದರೆ ಬಸ್ಸು ಬದಲಿಸಲು ಉಡುಪಿಯ ಬನ್ನಂಜೆಯಲ್ಲಿ ಇಳಿಯಬೇಕಾದವಳು ಇಳಿಯುವುದನ್ನೇ ಮರೆತೆ.

ಆ ಭಾನುವಾರ ರೇಂಜಿನಲ್ಲಿ ಎಲ್ಲರೂ ಇದ್ದರು. ನಾನು ಬೇರೆಯವರ ರೈಫಲಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಬಾಗಿಲಲ್ಲಿ ಇವರು ಕಾಣಿಸಿಕೊಂಡರು. ಭುಜದ ಮೇಲೆ ನನ್ನ ರೈಫಲ್, ಕೈಯ ಬಟ್ಟೆಯಂಗಡಿಯ ಚೀಲದಲ್ಲಿ ವೇಗದ ಯಂತ್ರ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೋಚ್ ಹತ್ತಿರ ಹೋಗಿ, "ಇದನ್ನು ನಾನು ಇನ್ನೂ ಸರಿ ಮಾಡ್ಲಿಲ್ಲ. ತುಕ್ಕು ಹಿಡಿದ ಹಾಗೆಯೇ ಜೋಡಿಸಿ ತಂದಿದ್ದೇನೆ. ನೀವೇ ಹೊಡೆದು ನೋಡಿ," ಎಂದರು.

ಕೋಚ್ ನಗುತ್ತಲೇ ಹಾರಿಸಿದರು. ಕಾಲು ಗಂಟೆ ಕಾಯಿಸಿದ ಮೇಲೆ ಅವರ ಗುಂಡೂ ಮೇಲಕ್ಕೆ ಹೋಯಿತು. ಮತ್ತೊಮ್ಮೆ ಕಾದರು, ಮತ್ತೆ ಹೋಯಿತು.

"ಇರಬಹುದು, ಆದರೆ ಅವರ ಮನಸ್ಸು..." ಎಂದು ಕೋಚ್ ಶುರು ಮಾಡಿದರು.

"ಇರಬಹುದು ಅಲ್ಲ. ಉಂಟು. ಯಂತ್ರ ನೋಡಿ," ಎಂದರು ಇವರು. ನನ್ನ ಎದೆ ತುಂಬಿ ಬಂತು. ಅಷ್ಟರಲ್ಲಿ ಅವರು ಎಲ್ಲರ ಕಡೆ ತಿರುಗಿ ಅದೇ ಧ್ವನಿಯಲ್ಲಿ ಮುಂದುವರಿಸಿದರು: "ಅರವತ್ತು ಗುಂಡಿನಲ್ಲಿ ಆರು ಕೋವಿಯದ್ದು. ಉಳಿದ ಐವತ್ತನಾಲ್ಕು ಇವರದ್ದೇ. ಅದರಲ್ಲಿ ಹಾಳಾದದ್ದಕ್ಕೆಲ್ಲ ಕೋವಿಯನ್ನು ದೂರಬೇಡಿ. ಇನ್ನು, ಕೋವಿಯನ್ನು ಹಾಳು ಮಾಡಿದ್ದು ಯಾರು? ಅದೂ ಇವರೇ. ಲ್ಯಾಬಿನಲ್ಲಿ ಕೆಲಸ ಅಂತೆ. ಗಾಳಿಯಲ್ಲಿ ನೀರು ಇರ್ತದೆ ಅಂತ ಗೊತ್ತಿಲ್ಲ."

ರೇಂಜು ರೇಂಜೇ ನಕ್ಕಿತು. ನಾನು ಹೊರಗೆ ಓಡಿ ಬಂದೆ. ಅವರು ಚೀಲ ಹಿಡಿದು ಮೆಟ್ಟಿಲಿಳಿಯುವಾಗ ಅಡ್ಡ ನಿಂತು ಕೇಳಿದೆ: "ನನ್ನ ಪರ ಮಾತಾಡಲು ಬಂದು ಹೀಗೆ ಮಾನ ಕಳೆಯುತ್ತೀರಾ?"

"ನಿಮ್ಮ ಪರ ಯಾರು ಬಂದದ್ದು?" ಅವರಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು. "ಯಂತ್ರದ ತಪ್ಪನ್ನು ಮನುಷ್ಯರ ತಲೆಗೆ ಕಟ್ಟಿದ್ರೆ ನನಗೆ ಆಗುವುದಿಲ್ಲ. ಮನುಷ್ಯರ ತಪ್ಪನ್ನು ಯಂತ್ರಕ್ಕೆ ಕಟ್ಟಿದ್ರೂ ಆಗುವುದಿಲ್ಲ. ದಾರಿ ಬಿಡಿ, ಬಸ್ಸು ಉಂಟು."

ನನ್ನ ಹೆಸರು ಪಟ್ಟಿಗೆ ಮರಳಿತು, ರೈಫಲನ್ನೂ ಅವರು ಸರಿ ಮಾಡಿಕೊಟ್ಟರು. ರಾಜ್ಯ ಕೂಟದಲ್ಲಿ ಪದಕ ಬರಲಿಲ್ಲ. ಸರಣಿಯ ಮೊದಲ ಗುಂಡುಗಳು ಮಾತ್ರ ಹೋಗಬೇಕಾದಲ್ಲಿಗೇ ಹೋದವು. ಸೋತದ್ದು ಉಳಿದ ಐವತ್ತನಾಲ್ಕರಲ್ಲಿ. ಇದನ್ನು ಅವರಿಗೆ ಹೇಳುವ ಸಂತೋಷವನ್ನು ನಾನು ಅವರಿಗೆ ಕೊಡಲಿಲ್ಲ. ಕೃತಜ್ಞತೆಯನ್ನೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಇನ್ನೊಂದು ಜಗಳವಾಯಿತು. ಅದರಲ್ಲಿ ತಪ್ಪು ನನ್ನದು. ಜೊತೆಯವರ ರೈಫಲುಗಳು ನನ್ನದಕ್ಕಿಂತ ವೇಗವಾಗಿವೆ ಎನಿಸಿ, ರೆಗ್ಯುಲೇಟರಿನ ಒತ್ತಡ ಸ್ವಲ್ಪ ಏರಿಸಿಕೊಡಿ ಎಂದು ಕೇಳಿದ್ದೆ. "ವೇಗ ಎಂತಕ್ಕೆ? ಎಲ್ಲ ಗುಂಡೂ ಒಂದೇ ಹಾಗೆ ಹೋದ್ರೆ ಸಾಕು," ಎಂದು ಅವರು ಒಪ್ಪಿರಲಿಲ್ಲ. ನಾನು ಮನೆಯಲ್ಲಿ ನನ್ನಷ್ಟಕ್ಕೇ ಸ್ಕ್ರೂ ತಿರುಗಿಸಿದೆ. ವೇಗ ಏರುವ ಬದಲು ಗುಂಡುಗಳು ಒಂದೊಂದು ಒಂದೊಂದು ಕಡೆ ಹೋಗತೊಡಗಿದವು. ಬೇರೆ ದಾರಿಯಿಲ್ಲದೆ ಕಾರ್ಕಳಕ್ಕೆ ಹೋದೆ.

ಸ್ಕ್ರೂವಿನ ತಲೆ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. "ಇಂಥ ಕೈಗೆ ಜನ ರಕ್ತ ಕೊಡ್ತಾರಾ?" ಎಂದರು. "ಅವರ ಗತಿ ಎಂತ?"

ನನ್ನ ಕೆಲಸಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. ಆ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಸ್ಪ್ಯಾನರು ನಟ್ಟಿಗೆ ಕೂರುವ ಮುಂಚೆ ಎರಡು ಮೂರು ಸಲ ತಪ್ಪುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

"ನನ್ನ ಕೈ ಬಿಡಿ," ಎಂದೆ. "ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಸ್ಪ್ಯಾನರ್ ಹಿಡಿಯಲಿಕ್ಕೆ ಆಗುವುದಿಲ್ಲ ನಿಮಗೆ."

ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಅವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ಆಮೇಲೆ ಸ್ಪ್ಯಾನರನ್ನು ಬೆಂಚಿನ ಮೇಲೆ ನನ್ನತ್ತ ಜಾರಿಸಿದರು.

"ಸರಿ. ನೀವೇ ಮಾಡಿ."

ಎದ್ದು ಹೋಗಬಹುದಿತ್ತು. ಹೋದರೆ ಸೋತ ಹಾಗೆ ಎಂದು ಕೂತೆ. ಅವರು ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು ಆಜ್ಞೆ ಕೊಡತೊಡಗಿದರು. "ಮೊದಲು ಗಾಳಿ ಖಾಲಿ ಮಾಡಿ. ಖಾಲಿ ಆಯ್ತು ಅಂತ ಮೀಟರಿನ ಮುಳ್ಳು ಹೇಳಿದ್ರೆ ನಂಬಬೇಡಿ. ಗುಂಡು ಹಾಕದೆ ಎರಡು ಸಲ ಟ್ರಿಗರ್ ಒತ್ತಿ. ಹ್ಞಾ. ಈಗ ಬಿಚ್ಚಿ. ಬಲ ಎಂತಕ್ಕೆ? ಗಟ್ಟಿ ಆದ್ರೆ ಒಳಗೆ ಇನ್ನೂ ಗಾಳಿ ಉಂಟು ಅಂತ ಅರ್ಥ, ನಿಲ್ಲಿಸಿ." ತುಕ್ಕಿಲ್ಲದ ವಾಷರುಗಳನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿದೆ. ಒಂದು ಉಲ್ಟಾ ಆಯಿತು. ಕುರ್ಚಿಯಿಂದಲೇ ಅವರಿಗೆ ಕಂಡಿತು. ಪೂರ್ತಿ ಬಿಚ್ಚಿಸಿ ಮೊದಲಿನಿಂದ ಮಾಡಿಸಿದರು. ಸ್ಕ್ರೂ ತಿರುಗಿಸುವಾಗ, "ಗಡಿಯಾರದಲ್ಲಿ ದೊಡ್ಡ ಮುಳ್ಳು ಐದು ನಿಮಿಷ ಹೋಗುವಷ್ಟು. ಐದು ಅಂದೆ. ಏಳು ಅಲ್ಲ," ಎಂದರು. ತಿರುಗಿಸು, ಜೋಡಿಸು, ಗಾಳಿ ತುಂಬು, ಹತ್ತು ಗುಂಡು ಅಳೆ, ಖಾಲಿ ಮಾಡು, ಮತ್ತೆ ಬಿಚ್ಚು. ಬೆಳಿಗ್ಗೆ ಶುರು ಮಾಡಿದ್ದು ಸಂಜೆ ಮುಗಿಯಿತು. ಕೊನೆಯ ಹತ್ತು ಗುಂಡಿನ ಅಂಕಿಗಳು ಒಂದರ ಪಕ್ಕ ಒಂದು ಮಲಗಿದವು. ಅವರು ಕಾಗದ ನೋಡಿ ಏನೂ ಅನ್ನಲಿಲ್ಲ. ಅವರ ಬಾಯಲ್ಲಿ ಏನೂ ಬರದಿದ್ದದ್ದು ನನಗೆ ನೆನಪಿದ್ದಂತೆ ಅದೊಂದೇ ಸಲ.

ಅಂದಿನಿಂದ ನನ್ನೆದುರು ಅವರು ಉಪಕರಣ ಮುಟ್ಟಲಿಲ್ಲ. ಪ್ರತಿ ವರ್ಷ ಕೂಟಕ್ಕೆ ಮುಂಚೆ ನಾನು ಹೋಗುತ್ತಿದ್ದೆ, ಅವರ ಬೆಂಚಿನಲ್ಲಿ ನಾನೇ ಬಿಚ್ಚಿ ಜೋಡಿಸುತ್ತಿದ್ದೆ, ಅವರು ಕುರ್ಚಿಯಿಂದ ಬೈಯುತ್ತಿದ್ದರು. ಅವರ ಕೈಯ ಬಗ್ಗೆ ಆಡಿದ ಆ ಮಾತಿಗಾಗಿ ನಾನು ಕ್ಷಮೆ ಕೇಳಲಿಲ್ಲ. ಘಟ್ಟದ ಮಾತಿಗಾಗಿ ಅವರೂ ಕೇಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಗೊತ್ತಾಯಿತು. ಹೋಗಬೇಕೋ ಬೇಡವೋ ಎಂದು ಎರಡು ದಿನ ತೂಗಿ ಕೊನೆಗೆ ಹೋದೆ. ಅವರ ಹೆಂಡತಿಯನ್ನು ನಾನು ದೂರದಿಂದ ಕಂಡದ್ದಷ್ಟೇ. "ಉಲಾಯಿ ಬಲೆ," ಎಂದು ಒಳಗೆ ಕರೆದು, ಆಮೇಲೆ ತುಳುವಿನಲ್ಲೇ ಕೇಳಿದರು, "ನೀವೇ ಅಲ್ವಾ ಕೋವಿಯವರು? ನಿಮ್ಮ ಮೇಲೆ ಅವರಿಗೆ ಭಾರೀ ಸಿಟ್ಟು."

"ಗೊತ್ತು," ಎಂದೆ.

ಶೆಡ್ಡಿನ ಮೂಲೆಯಲ್ಲಿ, ಅವರು ಗಾಳಿ ತುಂಬಿಸಲು ಬಳಸುತ್ತಿದ್ದ ದೊಡ್ಡ ಸಿಲಿಂಡರು ನಿಂತಿತ್ತು. ಗುಜರಿಯವನು ಉಳಿದದ್ದನ್ನೆಲ್ಲ ಒಯ್ದು ಅದನ್ನು ಮಾತ್ರ ಮುಟ್ಟಲು ಹೆದರಿದ್ದನಂತೆ. ಮುಳ್ಳು ನೋಡಿದೆ, ಪೂರ್ತಿ ತುಂಬಿತ್ತು. ಕೂದಲೆಳೆಯಷ್ಟು ವಾಲ್ವು ತೆರೆದು ಮುಖ ತಿರುಗಿಸಿ ನಿಂತೆ. ಗಾಳಿ ಸುಯ್ಯೆನ್ನುತ್ತ ಹೋಗಲು ಅರ್ಧ ಗಂಟೆಗಿಂತ ಹೆಚ್ಚು ಬೇಕಾಯಿತು. ಆ ಹೊತ್ತಿನಲ್ಲಿ ಅವರ ಹೆಂಡತಿ ಬಾಗಿಲಲ್ಲಿ ನಿಂತು ಗಲ್ಫಿನ ಒಂದು ಸಂಗತಿ ಹೇಳಿದರು. ಅಲ್ಲಿ ಮುಳುಗಿದವನೊಬ್ಬ ಮೇಲೆ ಬರಲಿಲ್ಲ. ಅವನೇ ಗಾಬರಿಯಾಗಿ ಸತ್ತ ಎಂದು ಕಂಪನಿ ಬರೆಯಿತು. ವಾಲ್ವು ಸರಿಯಿರಲಿಲ್ಲ ಎಂದು ಇವರಿಗೆ ಗೊತ್ತಿತ್ತು. ಬದಲಿಸಿ ಎಂದು ಮೊದಲೇ ಹೇಳಿಯೂ ಇದ್ದರು. ಕೆಲಸ ಹೋಗುತ್ತದೆಂದು ಆಗ ಸುಮ್ಮನಿದ್ದರು. "ಆಮೇಲೆ ಯಾರ ಹತ್ತಿರವೂ ಸುಮ್ಮನಿರಲಿಲ್ಲ," ಎಂದರು ಅವರ ಹೆಂಡತಿ.

ಇದನ್ನು ಕೇಳಿ ನನ್ನ ಸಿಟ್ಟು ಕರಗಿತು ಎಂದರೆ ಸುಳ್ಳಾದೀತು. ಬಸಳೆಯ ಮಾತು ಇವತ್ತಿಗೂ ಚುಚ್ಚುತ್ತದೆ. ಆದರೆ ನನ್ನ ತಪ್ಪು ಎಷ್ಟು, ನನ್ನದಲ್ಲದ್ದು ಎಷ್ಟು ಎಂದು ಬೇರೆ ಮಾಡಿ ನನ್ನ ಕೈಗಿಟ್ಟವರು ಅವರೊಬ್ಬರೇ. ಪ್ರೀತಿಸಿದವರು ಯಾರೂ ಆ ಕೆಲಸ ಮಾಡಲಿಲ್ಲ.

ಈಗ ರೈಫಲ್ ಕೆಟ್ಟವರು ಕಾಪುವಿನಲ್ಲಿ ನನ್ನ ಮನೆಗೆ ಬರುತ್ತಾರೆ. ಕಳೆದ ತಿಂಗಳು ಕಲ್ಯಾಣಪುರದಿಂದ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಆಯ್ಕೆಯಲ್ಲಿ ಸೋತು ಅತ್ತ ಕಣ್ಣು ಇನ್ನೂ ಊದಿಕೊಂಡಿತ್ತು. ರೆಗ್ಯುಲೇಟರಿನದ್ದೇ ದೋಷ ಎಂದು ಅವಳಿಗೆ ಖಾತ್ರಿ. ರೈಫಲನ್ನು ವೈಸಿಗೆ ಬಿಗಿದೆ. ಹತ್ತು ಗುಂಡು, ಕಾಲು ಗಂಟೆ ಬಿಡುವು, ಮತ್ತೆ ಹತ್ತು. ಮಧ್ಯಾಹ್ನದ ತನಕ ಅಳೆದೆ. ಅಂಕಿಗಳು ಒಂದಿಷ್ಟೂ ಅಲುಗಲಿಲ್ಲ. ಸಮಾಧಾನದ ಮಾತೊಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಕೋವಿಯಲ್ಲಿ ಏನೂ ಇಲ್ಲ," ಎಂದೆ. "ಅರವತ್ತೂ ನಿನ್ನದೇ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನಾನು ವರ್ಷಗಟ್ಟಲೆ ಅವರನ್ನು ನೋಡಿದ್ದು ಅದೇ ದ್ವೇಷದಿಂದ.