ಶಾಲಿಗೆ ತಟ್ಟಿದ ಚಪ್ಪಾಳೆ

ಬೆಳಿಗ್ಗೆ ಎರಡೂ ಎಮ್ಮೆ ಹಿಂಡಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿಗೆ ಹಾಲು ಹಾಕಿ ಬಂದೆ. ಅಂಗಳದ ಫರಸಿ ಕಲ್ಲಿನ ಮೇಲೆ ಕೂತ ಸಿಮೆಂಟಿನ ಧೂಳು ತೊಳೆದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಪುಂಡಿ ಸೊಪ್ಪು ಸೋಸಿಟ್ಟೆ. ಎಮ್ಮೆಗಳನ್ನು ಗಾಯರಾಣಕ್ಕೆ, ಊರ ದನಗಳೆಲ್ಲ ಮೇಯುವ ಸರಕಾರಿ ಜಾಗಕ್ಕೆ, ಹೊಡೆದು ಗ್ರಾಮಸಭೆಗೆ ಹೋದೆ. ಅದೇ ಗಾಯರಾಣವನ್ನು ಕಲ್ಲಿನ ಖಣಿಗೆ ಕೊಡಬೇಕೋ ಬೇಡವೋ ಎಂದು ಊರನ್ನು ಕೇಳುವ ಸಭೆ. ಅದು ಹೋದರೆ ನಾನು ಎಮ್ಮೆ ಮಾರಬೇಕಾಗುತ್ತದೆ.

ನಮ್ಮಲ್ಲಿ ಹೊರಗಿನವರು ಯಾರೇ ಬಂದರೂ ಮೊದಲು ಶಾಲು, ಹಾರ, ಚಪ್ಪಾಳೆ. ತಾಲೂಕಿನ ಸಾಹೇಬರಿಗೂ ಹಾಗೇ ಆಯಿತು. ಪಂಚಾಯಿತಿ ಅಧ್ಯಕ್ಷ ಶಾಲು ಹೊದಿಸುತ್ತಿರುವಾಗಲೇ ಕಾರ್ಯದರ್ಶಿ ಮೈಕಿನಲ್ಲಿ ಗಡಬಡಿಸಿ ಏನೋ ಓದಿದರು. ನಾವು ಶಾಲಿಗೆ ಚಪ್ಪಾಳೆ ತಟ್ಟಿದೆವು. ಸದ್ದು ನಿಂತ ಕೂಡಲೇ ಕಾರ್ಯದರ್ಶಿ, "ಗಾಯರಾಣ ಕೊಡುವ ಠರಾವು ಚಪ್ಪಾಳೆಯ ಮೂಲಕ ಪಾಸಾಗಿದೆ" ಎಂದರು. ಹಿಂದಿನಿಂದ ಪಂಚಾಯಿತಿಯ ಆಳುಗಳು ಅವಲಕ್ಕಿ ಚುಡುವಾ ಪೊಟ್ಟಣ ಹಂಚುತ್ತ ಬಂದರು.

ಮೈಯೆಲ್ಲ ಉರಿಯಿತು. ಕೇಳುತ್ತೇವೆ ಎಂದು ಡಂಗುರ ಹೊಡೆಸಿ ಕರೆದವರು ಕೇಳಲೇ ಇಲ್ಲ. ಮನೆಗೆ ಬಂದವರಿಗೆ ನಾವು ಕೊಡುವ ಮರ್ಯಾದೆಯನ್ನೇ ಕದ್ದು ಒಪ್ಪಿಗೆ ಎಂದು ಬರೆದುಕೊಂಡರು. ಪ್ರತಿ ಸಲ ಬಿಸಿಲಲ್ಲಿ ಸಾಲು ನಿಂತು ವೋಟು ಹಾಕಿದವಳು ನಾನು. ಇವರಿಗೆ ನನ್ನ ಕೈಯ ಸದ್ದಷ್ಟೇ ಸಾಕಾಗಿತ್ತು!

ಎದ್ದು ನಿಂತೆ. "ಸಾಹೇಬ್ರ, ನಾವು ಚಪ್ಪಾಳಿ ಹೊಡದಿದ್ದು ನಿಮ್ಮ ಶಾಲಿಗಿ. ಗಾಯರಾಣ ಕೊಡ್ಲಿಕ್ಕಲ್ಲ."

"ಕುಂದ್ರು ಯಕ್ಕಾ, ಆಗಿದ್ದು ಆಗ್ಯಾದ. ಚುಡುವಾ ತಿನ್ನು" ಎಂದ ಅಧ್ಯಕ್ಷ.

"ನೀನೇ ತಿನ್ನು ತಮ್ಮಾ. ನನ್ನ ಎಮ್ಮಿ ಏನ್ ತಿನ್ಬೇಕು, ಶಾಲು?"

ಹೆಂಗಸರು ನಕ್ಕರು. ಸಾಹೇಬರು ನಗಲಿಲ್ಲ. "ಸರಕಾರಿ ಕೆಲಸಕ್ಕ ಅಡ್ಡಿ ಮಾಡಬ್ಯಾಡಮ್ಮ. ಠರಾವು ಬರದಾಗ್ಯಾದ."

"ಹಂಗಾರ ನಂದೂ ಬರೀರಿ. ಒಲ್ಲೆ ಅಂದ್ಳು ಅಂತ ಬರೀರಿ. ಬರೆಯೋತನಕ ನಾ ಕುಂದ್ರಂಗಿಲ್ಲ."

ನಕ್ಕವರಲ್ಲಿ ಯಾರಾದರೂ ಏಳುತ್ತಾರೆಂದು ತಿರುಗಿ ನೋಡಿದೆ. ಪೊಟ್ಟಣ ಬಿಚ್ಚುತ್ತಿದ್ದರು. ಅವರ ಮೇಲೂ ಸಿಟ್ಟು ಬಂತು. ಕಾಲು ಸೋತರೂ ನಿಂತೇ ಇದ್ದೆ. ಊಟದ ಹೊತ್ತು ಮೀರಿದ ಮೇಲೆ ಸಾಹೇಬರೇ ಬೇಸತ್ತು, "ಬರದು ಮುಗಸ್ರಿ ಅತ್ಲಾಗ" ಎಂದರು. ಮೈಕಿನಲ್ಲೇ ಓದಿಸಿದೆ: ಒಬ್ಬ ಮಹಿಳೆಯ ವಿರೋಧವಿದೆ.

ಮನೆಯಲ್ಲಿ ಅತ್ತೆ ಕೇಳಿದರು, "ನಿನ್ನ ಜೋಡಿ ಯಾರ್ಯಾರು ನಿಂತ್ರು?"

"ಯಾರೂ ಇಲ್ರಿ. ನಾಳಿ ಚಿತ್ತಾಪುರಕ್ಕ ಹೋಗಿ ತಾಲೂಕು ಆಫೀಸಿನ್ಯಾಗ ತಕರಾರು ಕೊಡ್ತೀನಿ."

"ನಾನೂ ಬರ್ತೀನಿ. ನನಗ ನಿಂದ್ರಲಿಕ್ಕಿ ಆಗಂಗಿಲ್ಲ, ಕುಂತೇ ಒಲ್ಲೆ ಅಂತೀನಿ."

ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾದ ಚಟ್ನಿಪುಡಿ ಉಂಡೆವು. ಚಿತ್ತಾಪುರಕ್ಕೆಂದು ತೆಗೆದ ಸೀರೆಯನ್ನು ತಲೆದಿಂಬಿನ ಕೆಳಗೆ ಮಡಿಚಿಟ್ಟುಕೊಂಡು ಅತ್ತೆ ಮೊದಲು ಮಲಗಿದರು.