ಹನಕೆರೆಯವರು ಕೊಟ್ಟ ಜಾಗ

ನಮ್ಮೂರ ಸ್ಕೂಲಿಗೆ ಜಾಗ ಕೊಟ್ಟವರು ಯಾರು? ಕಳೆದ ವಾರ ಕಲ್ಲಿನ ಮೇಲೆ ಕೆತ್ತಿಸಲು ಹೊರಟಿದ್ದ ಉತ್ತರ ಇದು: ‘ಸ್ಥಳದಾನಿಗಳು: ಹನಕೆರೆ ಗ್ರಾಮಸ್ಥರು’.

ನಮ್ಮೂರು ಇರುವುದು ಮಳವಳ್ಳಿ ಪಕ್ಕ. ಹನಕೆರೆ ಇರುವುದು ಮದ್ದೂರು, ಮಂಡ್ಯದ ನಡುವೆ. ಅಲ್ಲಿನ ಜನ ಇಲ್ಲಿಗೆ ಬಂದು ನಮ್ಮ ಮಕ್ಕಳಿಗೆ ಯಾಕೆ ಜಾಗ ಕೊಡುತ್ತಾರೆ? ಸ್ಕೂಲ್ ಕಮಿಟಿಯಲ್ಲಿ ಯಾರಿಗೂ ಈ ಡೌಟು ಬರಲಿಲ್ಲ. ಕಾಗುಣಿತ ತಿದ್ದಿಕೊಟ್ಟ ನನಗೂ ಬರಲಿಲ್ಲ. ‘ಹನಕೆರೆಯವರು ಕೊಟ್ಟಿದ್ದು’ ಎಂದು ಚಿಕ್ಕಂದಿನಿಂದ ಕೇಳಿದ್ದೆವು, ಬರೆದೆವು.

ಸಿಟ್ಟು ಬಂದದ್ದು ಬ್ಲಫಜ್ಜಿಗೆ. (ಶಿವನಸಮುದ್ರದ ಪವರ್ ಹೌಸ್ ಪಕ್ಕದ ಬ್ಲಫ್ ಎಂಬ ಊರು ಅವರ ತವರು. ಅಜ್ಜಿ ಬ್ಲಫ್ ಹೊಡೆಯುವವರಲ್ಲ.) ಕೆತ್ತಿಸಲು ಬರೆದಿಟ್ಟಿದ್ದನ್ನು ಮೊಮ್ಮಗಳು ಓದಿ ಹೇಳಿದ್ದೇ ತಡ, ಸ್ಕೂಲಿಗೇ ಬಂದುಬಿಟ್ಟರು.

“ಗ್ರಾಮಸ್ತರಂತೆ! ಅನಕೆರೆಯವ್ರು ಅಂದ್ರೆ ನಮ್ಮತ್ತೆ ಕಣ್ರಪ್ಪಾ. ಒಬ್ಳೇ ಎಂಗ್ಸು. ಗಂಡ ಸತ್ತ ಮ್ಯಾಕೆ, ಮಕ್ಳು ಓದ್ಲಿ ಅಂತ ರಾಗಿ ಬೆಳೀತಿದ್ದ ಜಮೀನ್ನೇ ಬುಟ್ಕೊಟ್ಳು. ನನ್ ಕಣ್ಮುಂದೆ ಅವ್ಳ ಎಸ್ರು ಕೆತ್ತುಸ್ರಪ್ಪಾ. ನಾನಿನ್ನೆಷ್ಟು ದಿನ ಇರ್ತೀನಿ?”

ತಪ್ಪಾಯಿತು, ತಿದ್ದೋಣ ಎಂದೆ. “ಅವರ ಹೆಸರೇನಜ್ಜಿ?”

ಅಜ್ಜಿ ಹಣೆ ಉಜ್ಜಿಕೊಂಡರು. “ನಾನು ಅತ್ತಮ್ಮ ಅಂತಿದ್ದೆ. ಊರೋರು ಅನಕೆರೆಯವ್ಳು ಅಂತಿದ್ರು.”

ನಮ್ಮ ಕಡೆ ಹೀಗೆ. ಸೊಸೆ ಹೊಸಿಲು ದಾಟಿ ಒಳಗೆ ಬಂದಳೋ, ಹೆಸರು ಹೊರಗೆ. ತವರೂರೇ ಅವಳ ಹೆಸರು. ಕಾಗದಪತ್ರ ನೋಡೋಣವೆಂದರೆ ದಾನ ಬಾಯಿಮಾತಿನದು, ಪಹಣಿ ಗಂಡನ ಹೆಸರಿನದು. ಕಲ್ಲು ಕೆತ್ತುವವನ ಹತ್ತಿರ ಎರಡು ದಿನ ಟೈಮು ಕೇಳಿ ಬೈಕ್ ಹತ್ತಿದೆ. ತವರಿನಲ್ಲಾದರೂ ಹೆಸರು ಇರಲೇಬೇಕಲ್ಲ?

ಹನಕೆರೆಯಲ್ಲಿ ಮನೆ ಸಿಕ್ಕಿತು. ಆಕೆಯ ಅಣ್ಣನ ಮಗ, ವಯಸ್ಸಾದವರು, ಕಾಫಿ ಕೊಡಿಸಿ ತುಂಬಾ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು.

“ಓ, ಅವ್ರಾ! ಗೊತ್ತಿಲ್ದೆ ಏನು ಸಾ. ನಮ್ ಮಳವಳ್ಳಿ ಅತ್ತೆ!”

ಇಲ್ಲಿ ಹನಕೆರೆಯವಳು, ಅಲ್ಲಿ ಮಳವಳ್ಳಿಯವಳು. ಎರಡೂ ಊರು ಸೇರಿ ಒಬ್ಬ ಹೆಂಗಸಿನ ಹೆಸರನ್ನು ನುಂಗಿ ನೀರು ಕುಡಿದಿದ್ದವು. ಇತಿಹಾಸದಲ್ಲಿ ಹೆಂಗಸರೇ ಇಲ್ಲ ಎಂದು ನಾವು ಭಾಷಣ ಮಾಡುತ್ತೇವೆ. ಇದ್ದಾರೆ ಸ್ವಾಮಿ, ಬಸ್ಸಿನ ಹಾಗೆ ಊರಿನ ಬೋರ್ಡು ಹಾಕಿಕೊಂಡು ಓಡಾಡಿದ್ದಾರೆ. ನನಗೆ ನಿಜಕ್ಕೂ ಬೇಜಾರಾಯಿತು.

ಬರಿಗೈಲಿ ವಾಪಸು ಬಂದು ಅಜ್ಜಿಗೆ ವಿಷಯ ಹೇಳಿದೆ. ‘ಹನಕೆರೆಯಮ್ಮ, ಈ ಊರಿನ ಸೊಸೆ’ ಅಂತ ಕೆತ್ತಿಸೋಣವೇ ಎಂದು ಕೇಳಿದೆ.

“ಇನ್ನೇನ್ ಮಾಡದು, ಅಂಗೇ ಕೆತ್ತುಸು,” ಎಂದರು. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು.

“ಅದಿರ್ಲಿ. ನನ್ ಎಸ್ರೇನು, ಯೇಳ್ಲಾ ನೋಡ್ವಾ?”

ಹುಟ್ಟಿದಾಗಿನಿಂದ ಅವರ ಮನೆ ಮುಂದೆಯೇ ಓಡಾಡಿದ ನನಗೆ ಅದು ಗೊತ್ತಿರಲಿಲ್ಲ. ಇಷ್ಟು ಹೊತ್ತು ಬ್ಲಫಜ್ಜಿ, ಬ್ಲಫಜ್ಜಿ ಎಂದು ಓದಿಕೊಂಡು ಬಂದ ನಿಮಗಾದರೂ ಕೇಳಬೇಕು ಅನ್ನಿಸಿತಾ?