ಆಯುಧಪೂಜೆಯ ದಿನ ಆರಿಸಿದ ಸ್ವಿಚ್

ಕೆಲವು ವರ್ಷಗಳ ಹಿಂದೆ ನಾನು ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ಅಲ್ಲಿನ ಪುಟ್ಟ ಡೇಟಾ ಸೆಂಟರ್‌ನಿಂದಲೇ ಸೊರಬದ ಶಾಖೆಗೂ ಲ್ಯಾಬ್ ರಿಪೋರ್ಟುಗಳು ಹೋಗುತ್ತಿದ್ದವು. ಮಾಹಿತಿಯೆಲ್ಲ ಹಾಯುತ್ತಿದ್ದದ್ದು ಸ್ವಿಚ್ ಎಂಬ ಎರಡು ಯಂತ್ರಗಳ ಮೂಲಕ. ಒಂದು ನಿಂತರೆ ಇನ್ನೊಂದು ತಾನೇ ಕೆಲಸ ವಹಿಸಿಕೊಳ್ಳಬೇಕು. ಇದಕ್ಕೆ ಫೇಲೋವರ್ ಎನ್ನುತ್ತೇವೆ. ಆ ಜೋಡಿಯನ್ನು ಕೂರಿಸಿದವನು ನಾನೇ. ಬಂದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ಕೊಠಡಿಯ ಆಪರೇಟರ್ ನಾಗವೇಣಿ ಸೊರಬದ ಕಡೆಯವರು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾನು ಶಿರಾಳಕೊಪ್ಪದ ಮನೆಯಲ್ಲಿ ಬೈಕ್ ತೊಳೆಯುತ್ತಿದ್ದಾಗ ಅವರ ಫೋನ್ ಬಂತು.

“ಸರ್, ಓಡೋ ಮಿಷನ್ನಿಗೆ ಕುಂಕುಮ ಹಚ್ಚೋದು ಸರಿಯಲ್ಲ. ಮೊದಲನೇ ಸ್ವಿಚ್ ಸ್ವಲ್ಪ ಹೊತ್ತು ಆರಿಸಿ ಪೂಜೆ ಮಾಡ್ಲಾ?”

“ಮಾಡ್ರೀ. ಎರಡು ಇಟ್ಟಿರೋದು ಮತ್ಯಾಕೆ?” ಎಂದೆ.

ಅವರು ಆರಿಸಿದರು. ಶಿಕಾರಿಪುರದಲ್ಲಿ ಏನೂ ಆಗಲಿಲ್ಲ, ಸೊರಬ ಮಾತ್ರ ನಿಂತುಹೋಯಿತು. ಇಲ್ಲಿ ಎಲ್ಲ ನಡೆಯುತ್ತಿದ್ದರಿಂದ ತೊಂದರೆ ಆ ಕಡೆಯ ಲೈನಿನದೇ ಎಂದು ಎಲ್ಲರೂ ತಿಳಿದರು. ಕೊನೆಗೆ ನನಗೆ ಫೋನ್ ಬಂದಾಗ ಕಾರಣ ಹೊಳೆಯಿತು. ತಿಂಗಳ ಹಿಂದೆ ಸೊರಬ ಶಾಖೆಯನ್ನು ಇದಕ್ಕೆ ಜೋಡಿಸಿದಾಗ, ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂಬ ಕಾನ್ಫಿಗರೇಶನ್ ಅನ್ನು ಮೊದಲ ಸ್ವಿಚ್‌ಗೆ ಮಾತ್ರ ಹಾಕಿದ್ದೆ. ಎರಡನೆಯದಕ್ಕೆ ನಾಳೆ ಹಾಕಿದರಾಯಿತು ಎಂದವನು ಮರೆತೇಬಿಟ್ಟಿದ್ದೆ. ಮೊದಲನೆಯದನ್ನು ಆನ್ ಮಾಡಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಕ್ಯಾಸನೂರು ಕಡೆಯಿಂದ ಜ್ವರವೆಂದು ಬಂದಿದ್ದ ಹೆಂಗಸೊಬ್ಬರ ರಕ್ತದ ರಿಪೋರ್ಟಿಗಾಗಿ ಸೊರಬದ ಡಾಕ್ಟರು ಅಷ್ಟು ಹೊತ್ತೂ ಕಾದಿದ್ದರು. ಪುಣ್ಯಕ್ಕೆ ಆಕೆ ಹುಷಾರಾದರು.

ಹಬ್ಬ ಮುಗಿದ ಮೇಲೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು.

“ಪೂಜೆ ಮಾಡಕ್ಕೋಗಿ ಲೈನ್ ಕೆಡಿಸ್ಯಾರೆ ನೋಡ್ರಿ. ನಾಳೆಯಿಂದ ಇವರು ಬರೋದು ಬ್ಯಾಡ.”

ನಾಗವೇಣಿ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ವರ್ಷ ನನಗೆ ಬಡ್ತಿ ಬರುವುದಿತ್ತು. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮ್ಯಾನೇಜರ್ ನಾಗವೇಣಿಯವರ ಫೈಲ್ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಾಗ ಬಾಯಿಬಿಟ್ಟೆ.

“ಆರಿಸಿ ಅಂದೋನು ನಾನು ಸರ್. ಎರಡನೇ ಸ್ವಿಚ್ಚಿನ ಕೆಲಸ ಅರ್ಧಕ್ಕೆ ಬಿಟ್ಟೋನೂ ನಾನೇ.”

ಬಡ್ತಿ ತಪ್ಪಿತು, ನಾಗವೇಣಿಯವರ ಕೆಲಸ ಉಳಿಯಿತು. ಅಂದೇ ಮಧ್ಯಾಹ್ನ ಎರಡನೆಯ ಸ್ವಿಚ್ ಸರಿಪಡಿಸಿ, ಮೊದಲನೆಯದರ ವೈರನ್ನು ಅವರ ಕೈಯಿಂದಲೇ ಕೀಳಿಸಿದೆ. ಸೊರಬಕ್ಕೆ ರಿಪೋರ್ಟು ಹೋಯಿತು. ಆಗ ಕೇಳಿದೆ: “ನಾನೇ ಹೇಳಿದ್ದು ಅಂತ ನೀವ್ಯಾಕೆ ಹೇಳ್ಲಿಲ್ಲ?”

“ನಿಮ್ಮ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ ಸರ್. ಇನ್ನೊಂದು ನಿಮಿಷ ನೋಡಿ ನಾನೇ ಹೇಳ್ತಿದ್ದೆ.”

ಇಂದು ಯಾವುದೇ ಜೋಡಿ ಸ್ವಿಚ್ ಒಪ್ಪಿಸುವ ಮೊದಲು ಒಂದರ ವೈರು ಕಿತ್ತು ನೋಡುತ್ತೇನೆ. ತಪ್ಪು ನನ್ನದಾಗಿದ್ದರೆ, ಹೇಳಲು ಆ ಒಂದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.